ಬೆಲ್ಲ ಕುಡಿದ ಇಸ್ತ್ರಿ ಪೆಟ್ಟಿಗೆ

ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿ, ಇಷ್ಟೂ ಸೀಮೆಯಲ್ಲಿ ಕೆಂಡದ ಇಸ್ತ್ರಿ ಪೆಟ್ಟಿಗೆಯ ತುಕ್ಕು ತೆಗೆಯುವ ವಿದ್ಯೆಯಲ್ಲಿ ನನ್ನನ್ನು ಮೀರಿಸುವವರು ಯಾರೂ ಇಲ್ಲ. ನಾನು ಈವರೆಗೆ ತುಕ್ಕು ತೆಗೆದದ್ದು ಒಂದೇ ಪೆಟ್ಟಿಗೆಯದು, ಅದು ನಿಜ. ಆದರೆ ಅದಕ್ಕಿದ್ದ ತುಕ್ಕನ್ನು ನಲವತ್ತು ಪೆಟ್ಟಿಗೆಗಳಿಗೆ ಹಂಚಿದರೂ ಇನ್ನೂ ಮಿಗುತ್ತಿತ್ತು. ಹಾಗಾಗಿ ಲೆಕ್ಕ ಸರಿಹೋಯಿತು.

ಪೆಟ್ಟಿಗೆ ನನ್ನ ಮಾವನವರದು. ಮಾವನವರು ಎಂದರೆ ಮುಧೋಳದ ಗಿರಮಲ್ಲಪ್ಪನವರು, ಬಟ್ಟೆ ಅಂಗಡಿಯವರು. ದಿನಾ ಬೆಳಿಗ್ಗೆ ತಮ್ಮ ಧೋತರ, ಟೋಪಿ ತಾವೇ ಇಸ್ತ್ರಿ ಮಾಡಿಕೊಂಡು ಅಂಗಡಿಗೆ ಹೋದವರು. ಅವರು ನಡೆದರೆ ಧೋತರದ ಮಡಿಕೆಗೆ ಗಾಳಿ ಸೀಳಿ ಎರಡಾಗುತ್ತಿತ್ತಂತೆ. ಅವರು ತೀರಿಕೊಂಡ ಮೇಲೆ ಅತ್ತೆ ಸೋಮವ್ವನವರು ಆರು ತಿಂಗಳು ನಮ್ಮಲ್ಲಿ, ಆರು ತಿಂಗಳು ಬೀಳಗಿ ಕಡೆಯ ಬಾಡಗಂಡಿಯಲ್ಲಿರುವ ಕಿರಿಯ ಮಗಳು ಶೈಲಾಳ ಮನೆಯಲ್ಲಿ ಇರುತ್ತಾರೆ. ಎಲ್ಲಿ ಹೋದರೂ ಒಂದು ಟ್ರಂಕು, ಒಂದು ಗೋಣಿಚೀಲ. ಗೋಣಿಚೀಲದಲ್ಲಿ ಆ ಪೆಟ್ಟಿಗೆ. ಹದಿನಾರು ವರ್ಷ ಅದನ್ನು ಯಾರೂ ಬಿಚ್ಚಿರಲಿಲ್ಲ.

ಬಿಚ್ಚಿಸಿದವನು ಶೈಲಾಳ ಗಂಡ ಗೌರೀಶ, ನನ್ನ ಸಡ್ಡಕ. ಬಾಡಗಂಡಿಯಲ್ಲಿ ಹೊಸ ಮನೆ ಕಟ್ಟಿಸಿದ್ದ. ಒಂದು ಐತವಾರ ನಮ್ಮ ಬನಹಟ್ಟಿ ಮನೆಗೆ ಊಟಕ್ಕೆ ಬಂದವನು ಮೊಬೈಲಿನಲ್ಲಿ ಮನೆಯ ಫೋಟೋ ತೋರಿಸಿದ. ಹಾಲ್‌ನ ಗೋಡೆಯಲ್ಲಿ ಗಾಜಿನ ಶೋಕೇಸು. ಅದರಲ್ಲಿ ಒಂದು ಗೂಡು ಖಾಲಿ, ಖಾಲಿ ಗೂಡಿಗೆ ಮೂರು ದೀಪ. ಇಲ್ಲಿ ಮಾವನವರ ಇಸ್ತ್ರಿ ಪೆಟ್ಟಿಗೆ ಬರುತ್ತದೆ, ಈಗ ದೊಡ್ಡ ಮನೆಗಳಲ್ಲಿ ಇದೇ ರೂಢಿ ಎಂದ.

ಗೋಣಿ ಬಿಚ್ಚಿದೆವು. ಒಳಗಿನದನ್ನು ನೋಡಿ ನನ್ನ ಹೆಂಡತಿ ರಾಜೇಶ್ವರಿ ಎರಡು ಹೆಜ್ಜೆ ಹಿಂದೆ ಸರಿದಳು. ಪೆಟ್ಟಿಗೆ ಎಲ್ಲಿ ಮುಗಿಯುತ್ತದೆ, ತುಕ್ಕು ಎಲ್ಲಿ ಶುರುವಾಗುತ್ತದೆ ಎಂಬುದೇ ತಿಳಿಯುವಂತಿರಲಿಲ್ಲ. ಮುಚ್ಚಳದ ಚಿಲಕದ ಮೇಲೆ ಒಂದು ಹಿತ್ತಾಳೆ ಹುಂಜ ಇತ್ತು, ಅದರ ಜುಟ್ಟು ಮಾತ್ರ ಕಾಣುತ್ತಿತ್ತು. ಮುಚ್ಚಳ ಅಲುಗಲೊಲ್ಲದು. ತೂಕ ಎಂಥದೆಂದರೆ, ನೆಲದ ಮೇಲಿಟ್ಟಾಗ ನಮ್ಮ ಮನೆ ಆ ಕಡೆಗೆ ಒಂದಿಷ್ಟು ವಾಲಿತು.

ಗೌರೀಶ ಅದು ಹಾಗೇ ಇರಲಿ, ತುಕ್ಕು ಇದ್ದರೇನೇ ಶೋಕೇಸಿಗೆ ಛಂದ ಎಂದ. ನನ್ನ ರಕ್ತ ಕುದಿಯಿತು. ನಾನು ನಾಲ್ಕು ಮಗ್ಗಗಳ ಪಾವರ್‌ಲೂಮ್ ಕಾರ್ಖಾನೆ ನಡೆಸುವವನು. ನಾಲ್ಕರಲ್ಲಿ ಮೂರು ತಿರುಗುತ್ತವೆ, ನಾಲ್ಕನೆಯದರ ಮೇಲೆ ಟವೆಲ್ ಒಣಗಿಸುತ್ತೇವೆ. ಕಬ್ಬಿಣದ ಮಾತು ಬಂದರೆ ಸುಮ್ಮನಿರುವವನಲ್ಲ.

"ಇಸ್ತ್ರಿ ಪೆಟಗಿ ಅಂದ್ರ ಇಸ್ತ್ರಿ ಮಾಡಬೇಕೋ ತಮ್ಮಾ," ಎಂದೆ. "ದೀಪದ ಕೆಳಗ ಕುಂಡ್ರಾಕ ಅದೇನು ಮದಿಮಗಳೇನು?"

ಅವನು ಇದರಿಂದ ಇನ್ನು ಇಸ್ತ್ರಿಯಾದಂತೆಯೇ ಎಂದು ನಕ್ಕ. ನಾನು ಹತ್ತು ದಿನದಲ್ಲಿ ಇದನ್ನು ಕನ್ನಡಿ ಮಾಡುತ್ತೇನೆ, ಇದರಲ್ಲಿ ಮುಖ ನೋಡಿಕೊಂಡು ನೀನು ಮೀಸೆ ತಿದ್ದಿಕೊಳ್ಳಬೇಕು, ಹಾಗೆ ಮಾಡುತ್ತೇನೆ ಎಂದೆ. ಮಾತು ಹಾಗೆಯೇ ಬೆಳೆದು ರೊಟ್ಟಿ ತಣ್ಣಗಾದವು. ಕೊನೆಗೆ ಅತ್ತೆಯವರು ಕೈ ಎತ್ತಿದರು.

"ಜಗಳಾಡಬ್ಯಾಡ್ರಿ. ಇನ್ನ ಎರಡ ವಾರಕ್ಕ ಗೌರೀಶಪ್ಪನ ಹೊಸ ಮನಿ ಶಾಂತಿ ಐತಿ. ಅದರ ಹಿಂದಿನ ದಿನ ಈ ಪೆಟಗೀಲೆ ನನ್ನ ಸೀರಿ ಯಾರು ಇಸ್ತ್ರಿ ಮಾಡಿ ಕೊಡತಾರ, ಪೆಟಗಿ ಅವರದು. ಯಾರ ಕೈಲೂ ಆಗಲಿಲ್ಲಂದ್ರ ಶೋಕೇಸಿಗೆ ಹೋಗಲಿ."

ಗೌರೀಶ ಆಗಲೇ ಗೆದ್ದವನಂತೆ ಇನ್ನೊಂದು ಚಮಚ ಶೇಂಗಾ ಹಿಂಡಿ ಹಾಕಿಸಿಕೊಂಡ.

ಆ ಪೆಟ್ಟಿಗೆ ನನಗೆ ಏಕೆ ಬೇಕಿತ್ತು ಎಂಬುದನ್ನು ಇಲ್ಲಿಯೇ ಹೇಳಿಬಿಡಬೇಕು. ಇಪ್ಪತ್ತೆಂಟು ವರ್ಷದ ಹಿಂದೆ ನಾನು ಹೆಣ್ಣು ನೋಡಲು ಮುಧೋಳಕ್ಕೆ ಹೋದೆ. ಬಸ್ಸಿನಲ್ಲಿ ಎರಡು ಸಾವಿರ ಜನ ಇದ್ದರು. ಯಾರದೋ ಬದನೆಕಾಯಿ ಬುಟ್ಟಿ ಇಡೀ ದಾರಿ ನನ್ನ ಎದೆಗೆ ಒರಗಿಕೊಂಡಿತ್ತು. ಇಳಿದಾಗ ನನ್ನ ಅಂಗಿ, ಎಮ್ಮೆ ಬಾಯಲ್ಲಿ ಹಾಕಿಕೊಂಡು ಬೇಡವೆಂದು ಉಗುಳಿದಂತಿತ್ತು. ಮಾವನವರು ನನ್ನ ಮುಖ ನೋಡಲಿಲ್ಲ, ಅಂಗಿ ನೋಡಿದರು. "ಅಂಗಿ ತಗೀರಿ," ಎಂದರು. ತೆಗೆದೆ. ಅದನ್ನು ಹಿಡಿದು ಒಳಗೆ ಹೋದರು. ನಾನು ಬನಿಯನ್ನಿನಲ್ಲಿ ಕುಳಿತೆ. ಅದರಲ್ಲಿ ತೂತುಗಳಿದ್ದವು, ಎಷ್ಟು ಎಂದು ಹೇಳುವುದಿಲ್ಲ. ಆಗಲೇ ರಾಜೇಶ್ವರಿ ಅವಲಕ್ಕಿ ತಟ್ಟೆ ತಂದಳು, ನನ್ನನ್ನು ನೋಡಿ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡಳು. ಅಂಗಿ ಅವರ ಹತ್ತಿರ ಇದ್ದದ್ದರಿಂದ ನಾನು ಎದ್ದು ಹೋಗುವಂತಿರಲಿಲ್ಲ. ನಾನು ಬನಿಯನ್ನಿನಲ್ಲಿ ಇದ್ದದ್ದರಿಂದ ಅವರು ನನ್ನನ್ನು ಕಳಿಸುವಂತೆಯೂ ಇರಲಿಲ್ಲ. ಸಂಬಂಧ ಕುದುರಿತು. ಮಾವನವರು ಅಂಗಿ ತಂದು ತಾವೇ ತೊಡಿಸಿದರು. ಅದು ಇನ್ನೂ ಬಿಸಿ ಇತ್ತು. ಆ ಬಿಸಿ ಬೆನ್ನಿಗೆ ತಾಗಿದ್ದು ಇವತ್ತಿಗೂ ನೆನಪಿದೆ. ಬಸ್ಸಿನ ಜನರನ್ನು ನಾನು ಒಂದಿಷ್ಟು ಹೆಚ್ಚಿಗೆ ಎಣಿಸಿರಬಹುದು, ಈ ಬಿಸಿಯನ್ನು ಹೆಚ್ಚಿಗೆ ಹೇಳಿಲ್ಲ.

ಅಂಥ ಪೆಟ್ಟಿಗೆ ಗಾಜಿನ ಹಿಂದೆ ತಣ್ಣಗೆ ಕೂರುವುದು ನನಗೆ ಸೇರಲಿಲ್ಲ.

ಮೊದಲ ದಿನ ಸೀಮೆಎಣ್ಣೆ ಹಚ್ಚಿದೆ. ತುಕ್ಕು ಅದನ್ನು ಕುಡಿದು ಇನ್ನೂ ಬೇಕು ಎಂದಿತು. ಎರಡನೆಯ ದಿನ ಮರಳು ಕಾಗದ ತಿಕ್ಕಿದೆ. ಕಾಗದದ ಮರಳೆಲ್ಲ ಹೋಗಿ ಬರಿ ಕಾಗದ ಉಳಿಯಿತು, ತುಕ್ಕು ಇದ್ದಲ್ಲೇ ಇತ್ತು. ಮೂರನೆಯ ದಿನ ಗೆಳೆಯ ಆದಿನಾಥನ ಹತ್ತಿರ ಹೋದೆ. ತೇರದಾಳದ ಆದಿನಾಥ ಬೆಲ್ಲದ ಗಾಣ ನಡೆಸುತ್ತಾನೆ. ಅವನ ಗಾಣದಲ್ಲಿ ಅಜ್ಜನ ಕಾಲದ ಹಲ್ಲಿನ ಗಾಲಿಗಳು ಇವತ್ತಿಗೂ ಫಳಫಳ ಹೊಳೆಯುತ್ತವೆ. ಗುಟ್ಟೇನು ಎಂದು ಕೇಳಿದೆ.

ಗುಟ್ಟು ಕಾಕಂಬಿ ಎಂದ. ಸಕ್ಕರೆ ತೆಗೆದ ಮೇಲೆ ಉಳಿಯುವ ಕಪ್ಪು ಪಾಕ. ನಮ್ಮ ಕಡೆ ದನದ ಮೇವಿಗೆ ಕಲಸುತ್ತಾರೆ. "ಕಾಕಂಬಿ ಒಂದ ಪಾಲು, ನೀರು ಒಂಬತ್ತ ಪಾಲು. ಅದರಾಗ ಎಂಟ ದಿನ ಮುಳಗಿಸಿಡು. ತುಕ್ಕು ತಾನ ಬಿಡತೈತಿ."

ಕೇಳಿ ನನಗೆ ಬೇಸರವಾಯಿತು. ಒಂಬತ್ತು ಪಾಲು ನೀರು ಹಾಕಿದರೆ ಅದು ಔಷಧವೋ, ಮಜ್ಜಿಗೆಯೋ?

"ನಮ್ಮ ಮಾವನವರ ಪೆಟಗಿಗೆ ದನಾ ತಿನ್ನೂದು ಹಾಕ್ಲೇನ?" ಎಂದೆ.

"ಅದಕ್ಕ ನಾಲಿಗಿ ಇಲ್ಲೋ ಯಲ್ಲಾ. ರುಚಿ ನೋಡೂದಿಲ್ಲ ಅದು."

ಯಲ್ಲಾಲಿಂಗ ಎಂಬ ನನ್ನ ಹೆಸರನ್ನು ಇಷ್ಟು ಚಿಕ್ಕದಾಗಿ ಕರೆಯುವ ಧೈರ್ಯ ಅವನೊಬ್ಬನಿಗೇ ಇದೆ. ನಾನು ಅವನ ಮಾತು ಕೇಳಲಿಲ್ಲ. ಕಾಕಂಬಿಯೇ ಇಷ್ಟು ಕೆಲಸ ಮಾಡುವುದಾದರೆ ಅಸಲಿ ಜೋನಿ ಬೆಲ್ಲ ಎಷ್ಟು ಮಾಡಬೇಡ? ಅವನ ಗಾಣದಿಂದಲೇ ಎಳೆ ಎಳೆಯಾಗಿ ಇಳಿಯುವ, ಚಪಾತಿಗೆ ಹಚ್ಚಿಕೊಂಡು ತಿನ್ನುವ ಜೋನಿ ಬೆಲ್ಲ ಒಂದು ಡಬ್ಬಿ ತುಂಬಿಸಿಕೊಂಡೆ. ಒಂದು ಹನಿ ನೀರೂ ಬೆರೆಸಲಿಲ್ಲ. ಡಬ್ಬಿಯನ್ನು ಕೈಗೆ ಕೊಡುವಾಗ ಆದಿನಾಥ ಇನ್ನೊಮ್ಮೆ ನೀರಿನ ಮಾತು ತೆಗೆದ. ಹಿಂದಿನವರು ಕಂಜೂಸಿಗೆ ಮಾಡಿದ್ದನ್ನೇ ನೀನು ವಿದ್ಯೆ ಅಂತ ತಿಳಿದಿದ್ದಿ ಎಂದು ಅವನಿಗೆ ತಿಳಿಹೇಳಿ ಬಂದೆ.

ಹಿತ್ತಲಲ್ಲಿ ದೊಡ್ಡ ಪಾತೇಲಿ ಇಟ್ಟು, ಪೆಟ್ಟಿಗೆಯನ್ನು ಅದರಲ್ಲಿ ಕೂರಿಸಿ, ಬೆಲ್ಲ ಸುರಿದೆ. ಮುಚ್ಚಳ ತೆರೆಯುತ್ತಿರಲಿಲ್ಲವಲ್ಲ, ಪಕ್ಕದ ಗಾಳಿ ಕಿಂಡಿಗಳಿಂದ ಲಾಳಿಕೆ ಇಟ್ಟು ಒಳಗೂ ಇಳಿಸಿದೆ. ಹುಂಜದ ಜುಟ್ಟು ಮುಳುಗಿತು. ರಾಜೇಶ್ವರಿ ಪಾತೇಲಿಯತ್ತ ನೋಡಿ, ಈ ಬೆಲ್ಲದಲ್ಲಿ ನೂರು ಹೋಳಿಗೆ ಆಗುತ್ತಿದ್ದವು ಎಂದಷ್ಟೇ ಹೇಳಿದಳು.

ಮರುದಿನ ಇರುವೆ ಬಂದವು. ಬನಹಟ್ಟಿಯ ಇರುವೆ ಮಾತ್ರವಲ್ಲ, ರಬಕವಿಯವು, ಜಮಖಂಡಿಯವು, ನಡೆದು ದಣಿದ ಮುಖ ನೋಡಿದರೆ ಗಲಗಲಿಯಲ್ಲಿ ಹೊಳೆ ದಾಟಿ ಬಂದವೂ ಇದ್ದವು. ಪಾತೇಲಿಯನ್ನು ನೀರಿನ ಪರಾತದಲ್ಲಿ ಇಟ್ಟೆ. ಅವು ದಂಡೆಯ ಮೇಲೆ ಕುಳಿತು ಕಾದವು. ಅತ್ತೆಯವರು ಪ್ರತಿ ಸಂಜೆ ಕುರ್ಚಿ ಹಾಕಿಸಿಕೊಂಡು ಹಿತ್ತಲಲ್ಲಿ ಕೂರುತ್ತಿದ್ದರು. ನಾನು ಅವರಿಗೆ ವರದಿ ಒಪ್ಪಿಸುತ್ತಿದ್ದೆ. ಇವತ್ತು ತುಕ್ಕು ಹೆದರಿದೆ, ಇವತ್ತು ತುಕ್ಕು ಅಳುತ್ತಿದೆ, ಹೀಗೆ. ಅವರು ತಲೆ ಅಲ್ಲಾಡಿಸುತ್ತಿದ್ದರು. ಒಂದು ಸಂಜೆ ಮಾತ್ರ, ಹುಂಜಕ್ಕೆ ಉಸಿರು ಕಟ್ಟೀತು, ಬೇಗ ತೆಗೆಯಿರಿ ಎಂದರು.

ಒಂಬತ್ತನೆಯ ದಿನ ಎತ್ತಿದೆ. ತೆಂಗಿನ ನಾರು, ಹುಣಸೆಹಣ್ಣು, ಬೂದಿ ಹಾಕಿ ತಿಕ್ಕಿದೆ. ನಾನು ಹೇಳಿದರೆ ನೀವು ನಂಬುವುದಿಲ್ಲ, ತುಕ್ಕು ಹಪ್ಪಳದಂತೆ ಎದ್ದು ಬಂತು. ಮೂರು ಪುಟ್ಟಿ ತುಕ್ಕು. ಹಿತ್ತಾಳೆ ಹುಂಜ ಹೊರಬಂದು ನನ್ನನ್ನೇ ನೋಡಿತು. ಸುತ್ತಿಗೆಯ ಹಿಡಿಯಿಂದ ಮೆಲ್ಲಗೆ ಬಡಿದೆ, ಚಿಲಕ ತೆರೆಯಿತು. ಒಳಗೆ ಕೆಂಡ ಹಾಕುವ ಜಾಲರಿ, ಅದರ ಕೆಳಗೆ ಬೂದಿ ಬೀಳಲು ನಾಲ್ಕು ಬೆರಳಷ್ಟು ಜಾಗ. ಪೆಟ್ಟಿಗೆ ಬೋರಲು ಹಾಕಿದೆ, ಬೆಲ್ಲ ಇಳಿಯಿತು. ಎಲ್ಲ ಇಳಿಯಿತು ಎಂದೇ ತಿಳಿದೆ. ಹೊರಮೈ ಒರೆಸಿದೆ. ನನ್ನ ಮುಖ ಅದರಲ್ಲಿ ಕಂಡಿತು. ಕನ್ನಡಿಯಲ್ಲಿ ಕಾಣುವುದಕ್ಕಿಂತ ಛಲೋ ಕಂಡಿತು.

ರಾಜೇಶ್ವರಿ ಬಂದು ಜಾಲರಿಯೊಳಗೆ ಇಣುಕಿದಳು.

"ಒಳಗ ಒಂದ ಚರಗಿ ಕುದಿಯೂ ನೀರ ಹಾಕಿ ತೊಳೀರಿ. ತಳಕ್ಕ ಬೆಲ್ಲ ಐತಿ."

ಉಳಿದ ಬೆಲ್ಲ ಕಬ್ಬಿಣಕ್ಕೆ ಪಾಲಿಶ್ ಇದ್ದ ಹಾಗೆ, ಇನ್ನು ನೂರು ವರ್ಷ ತುಕ್ಕು ಹಿಡಿಯುವುದಿಲ್ಲ, ಅದನ್ನು ನೀರಿನಿಂದ ಕೆಡಿಸಬಾರದು ಎಂದು ಹೇಳಿದೆ. "ಹೌದ್ರಿ?" ಎಂದಳು. ಇಪ್ಪತ್ತೆಂಟು ವರ್ಷದಲ್ಲಿ ಅವಳು ಈ ಒಂದು ಪದವನ್ನು ಇದೇ ದನಿಯಲ್ಲಿ ಹಲವು ಸಲ ಅಂದಿದ್ದಾಳೆ. ನಾನು ಒಮ್ಮೆಯೂ ಪಾಠ ಕಲಿತಿಲ್ಲ, ಅದು ನನ್ನ ಗಟ್ಟಿತನ.

ಶನಿವಾರ ಮಧ್ಯಾಹ್ನ ಗೌರೀಶ ಕಾರು ತಂದ. ಅತ್ತೆಯವರನ್ನು ಮರುದಿನ ನಾವೇ ಕರೆತರುತ್ತೇವೆ ಎಂದರೂ ಕೇಳದೆ, ಪೆಟ್ಟಿಗೆಗಾಗಿಯೇ ಬಂದಿದ್ದ. ಕಾರಿನಲ್ಲಿ ಥರ್ಮೋಕೋಲಿನ ಡಬ್ಬಿ, ಒಳಗೆ ಹತ್ತಿ, ಹೊಸ ಬಿಳಿ ಅಂಗಿ ಅವನ ಮೈಮೇಲೆ. ಗೂಡಿನ ಅಳತೆ ಬರೆದ ಚೀಟಿ ಜೇಬಿನಲ್ಲಿ.

ನಾನು ಹಗ್ಗದ ಹೊರಸಿನ ಮೇಲೆ ಕಂಬಳಿ ಹಾಸಿ, ಅದರ ಮೇಲೆ ಅತ್ತೆಯವರ ಸೀರೆ ಬಿಡಿಸಿದೆ. ತಿಳಿ ಹಸಿರು ಕಾಟನ್ ಸೀರೆ, ನನ್ನ ಮಗ್ಗದ್ದೇ. ಅತ್ತೆಯವರು ಕುರ್ಚಿಯಲ್ಲಿ, ಗೌರೀಶ ಕಟ್ಟೆಯ ಮೇಲೆ, ರಾಜೇಶ್ವರಿ ಬಾಗಿಲಲ್ಲಿ. ಜಾಲಿ ಕಟ್ಟಿಗೆಯ ಕೆಂಡ ಕೆಂಪಗೆ ಕಾಯಿಸಿ ಪೆಟ್ಟಿಗೆಯಲ್ಲಿ ತುಂಬಿದೆ, ಹುಂಜದ ಚಿಲಕ ಹಾಕಿದೆ, ಎರಡು ಸಲ ತೂಗಿದೆ. ಕಿಂಡಿಗಳಲ್ಲಿ ಕೆಂಡ ಮಿನುಗಿತು.

ಮೊದಲ ಎಳೆತ. ಸೀರೆಯ ಒಂದು ಅಂಚಿನಿಂದ ಇನ್ನೊಂದು ಅಂಚಿಗೆ ಪೆಟ್ಟಿಗೆ ಹೊಳೆಯಲ್ಲಿ ಹರಿಗೋಲು ಹೋದಂತೆ ಹೋಯಿತು. ಹಿಂದೆ ಒಂದು ಸುಕ್ಕು ಉಳಿಯಲಿಲ್ಲ. ಅತ್ತೆಯವರು ಕುರ್ಚಿಯಿಂದ ಮುಂದಕ್ಕೆ ಬಾಗಿದರು. ಗೌರೀಶ ಚೀಟಿಯನ್ನು ಜೇಬಿನ ಇನ್ನೂ ಒಳಗೆ ತಳ್ಳಿದ. ಆ ಗಳಿಗೆಯಲ್ಲಿ ನಾನು ಸುಮ್ಮನಿದ್ದಿದ್ದರೆ ಸಾಕಿತ್ತು.

ಅಷ್ಟರಲ್ಲಿ ವಾಸನೆ ಎದ್ದಿತು. ಬೆಲ್ಲ ಕುದಿಯುವ ವಾಸನೆ, ಗಾಣದ ಕೊಪ್ಪರಿಗೆ ಇಳಿಸುವಾಗ ಬರುತ್ತದಲ್ಲ, ಅದೇ. ಓಣಿ ತುಂಬಿತು, ಮುಂದಿನ ಓಣಿಗೆ ದಾಟಿತು. ನಮ್ಮ ಸೀಮೆಯಲ್ಲಿ ಈ ವಾಸನೆ ಬಂದರೆ ಯಾರೂ ಮನೆಯಲ್ಲಿ ಕೂರುವುದಿಲ್ಲ. ಗಾಣಕ್ಕೆ ಶೇಂಗಾ, ಕೊಬ್ಬರಿ ಒಯ್ದು ಬಿಸಿ ಪಾಕದಲ್ಲಿ ಅದ್ದಿಸಿಕೊಂಡು ಬರುವುದು ರೂಢಿ. ಎದುರು ಮನೆಯ ಭಾಗವ್ವ ಕಡ್ಡಿಗೆ ಕೊಬ್ಬರಿ ಬಟ್ಟಲು ಸಿಕ್ಕಿಸಿಕೊಂಡು ಬಂದಳು. ಅವಳ ಹಿಂದೆ ಶೇಂಗಾ ಹಿಡಿದ ಆರೇಳು ಜನ. ನನ್ನ ಲೆಕ್ಕದಲ್ಲಿ ಅರವತ್ತು.

"ಗಾಣ ಎಲ್ಲಿ ಹಚ್ಚೀರಿ?" ಎಂದಳು ಭಾಗವ್ವ.

ಬಂದವರನ್ನು ನಿಲ್ಲಿಸಿ ಹೇಳದೆ ಇರುವುದು ನನ್ನಿಂದಾಗದು. ಪೆಟ್ಟಿಗೆಯನ್ನು ಸೀರೆಯ ಮೇಲೆಯೇ ಬಿಟ್ಟು, ಎರಡೂ ಕೈ ಎತ್ತಿ, ತುಕ್ಕಿನ ಕಥೆಯನ್ನು ಮೊದಲಿನಿಂದ ಶುರು ಮಾಡಿದೆ. ಸೀಮೆಎಣ್ಣೆ ದಾಟಿ ಮರಳು ಕಾಗದಕ್ಕೆ ಬಂದಿದ್ದೆ, ಬೆನ್ನ ಹಿಂದೆ ಚುಂಯ್ ಎಂದಿತು. ತಳದಲ್ಲಿದ್ದ ಬೆಲ್ಲ ಕುದಿದು, ಜಾಲರಿಯಲ್ಲಿ ಉಕ್ಕಿ, ಕೆಂಡವನ್ನೆಲ್ಲ ನುಂಗಿ ಆರಿಸಿ, ಕಿಂಡಿಗಳಿಂದ ಇಳಿದು ಸೀರೆಯ ಮೇಲೆ ಹರಡಿತ್ತು. ಸೀರೆ ಸುಡಲಿಲ್ಲ. ಕೆಂಡ ಮೊದಲೇ ಆರಿತ್ತು, ಅದಕ್ಕೆ. ಇದನ್ನು ನಾನು ಮುಂದಾಲೋಚನೆ ಎನ್ನುತ್ತೇನೆ.

ಪೆಟ್ಟಿಗೆ ಎತ್ತಿದೆ. ಸೀರೆಯೂ ಬಂತು. ಸೀರೆಯ ಜೊತೆ ಕಂಬಳಿ ಬಂತು. ಇನ್ನೂ ಜೋರಾಗಿ ಎತ್ತಿದೆ, ಕಂಬಳಿಯ ಜೊತೆ ಹೊರಸಿನ ಎರಡು ಕಾಲು ನೆಲ ಬಿಟ್ಟವು. ಪಾಕ ತಣಿದು ಕಲ್ಲಾಗಿತ್ತು. ಗೌರೀಶ ನೆರವಿಗೆ ಬಂದು ಕಂಬಳಿಗೆ ಮಂಡಿಯೂರಿ ಜಗ್ಗಿದ. ಕಿಂಡಿಯಲ್ಲಿ ಇನ್ನೂ ಮೆತ್ತಗಿದ್ದ ಪಾಕಕ್ಕೆ ಅವನ ಹೊಸ ಅಂಗಿಯ ತೋಳೂ ಅಂಟಿತು. ನಾವಿಬ್ಬರು ಸಡ್ಡಕರು ಒಂದೇ ಪೆಟ್ಟಿಗೆಗೆ ಕಟ್ಟಿ ಹಾಕಿದ ಎತ್ತುಗಳಂತೆ ನಿಂತೆವು.

"ಅಣ್ಣಾರ," ಎಂದ ಅವನು ಬಹಳ ಮರ್ಯಾದೆಯಿಂದ, "ಇದನ್ನ ಶೋಕೇಸಿನ್ಯಾಗ ಇಡಬೇಕಂದ್ರ ಈಗ ಹೊರಸೂ ಒಯ್ಯಬೇಕಾಗತೈತಿ."

ಭಾಗವ್ವ ಕೊಬ್ಬರಿಯನ್ನು ಒಮ್ಮೆ ಪಾಕಕ್ಕೆ ತಾಗಿಸಿ ನೋಡಿ, ಗಟ್ಟಿಯಾಗಿದೆ, ಉಪಯೋಗವಿಲ್ಲ ಎಂದು ತಿರುಗಿ ಹೋದಳು. ಅತ್ತೆಯವರು ಸೀರೆಯತ್ತ ನೋಡಲಿಲ್ಲ, ಹುಂಜವನ್ನು ನೋಡುತ್ತಿದ್ದರು. ನನಗೆ ಪೆಟ್ಟಿಗೆ ಹೋಯಿತು ಎಂದೇ ಅನ್ನಿಸಿತು. ಥರ್ಮೋಕೋಲು, ಹತ್ತಿ, ಮೂರು ದೀಪ, ಎಲ್ಲ ಕಣ್ಣ ಮುಂದೆ ಬಂದವು.

ರಾಜೇಶ್ವರಿ ಒಳಗಿನಿಂದ ಕುದಿಯುವ ನೀರಿನ ಚರಗಿ ತಂದಳು. ನೀರು ಮೊದಲೇ ಕಾಯಿಸಿಟ್ಟಿದ್ದಳು. ಯಾವಾಗ ಎಂದು ನಾನು ಕೇಳಲಿಲ್ಲ. ಹುಂಜದ ಚಿಲಕ ತೆಗೆದು ಒಳಗೆ ಸುರಿದಳು, ಸುತ್ತಲೂ ಸುರಿದಳು. ಬೆಲ್ಲವಲ್ಲವೇ, ಕರಗಿತು. ಮೊದಲು ಗೌರೀಶನ ತೋಳು ಬಿಟ್ಟಿತು, ಆಮೇಲೆ ಸೀರೆ ಬಿಟ್ಟಿತು. ಕಂಬಳಿ ಮಾತ್ರ ನಮ್ಮ ಮನೆಯಲ್ಲಿ ಇವತ್ತಿಗೂ ನಿಂತುಕೊಂಡೇ ಇದೆ. ಅವಳು ಪೆಟ್ಟಿಗೆಯ ಒಳಗನ್ನು ಮೂರು ಸಲ ತೊಳೆದಳು, ನೀರು ತಿಳಿಯಾಗುವವರೆಗೆ. ಸೀರೆಯನ್ನು ಬಕೀಟಿನಲ್ಲಿ ಹಿಂಡಿ ತಂತಿಗೆ ಹಾಕಿದಳು. ಏಪ್ರಿಲ್ ಬಿಸಿಲು, ಚಹಾ ಕುಡಿಯುವುದರಲ್ಲಿ ಒಣಗಿತು.

ಆಮೇಲೆ ಹೊಸ ಕೆಂಡ ತುಂಬಿ, ಬೆರಳಿನಿಂದ ಪೆಟ್ಟಿಗೆಯ ತಳಕ್ಕೆ ಒಂದು ಹನಿ ನೀರು ಚಿಮ್ಮಿಸಿ ಕಿವಿಗೊಟ್ಟಳು. ಹನಿ ಸಿಡಿದ ಸದ್ದಿನಲ್ಲಿ ಏನು ಕೇಳಿಸಿತೋ, ಸ್ವಲ್ಪ ತಡೆದಳು, ಇನ್ನೊಂದು ಹನಿ ಹಾಕಿದಳು, ಆಮೇಲೆ ಸೀರೆಗೆ ಇಟ್ಟಳು. ಎಡಗೈಯಿಂದ ಅಂಚು ಹಿಡಿದು, ಬಲಗೈಯಿಂದ ಒತ್ತದೆ, ಪೆಟ್ಟಿಗೆಯ ತೂಕಕ್ಕೇ ಬಿಟ್ಟು ಎಳೆದಳು. ಯಾರಿಂದ ಕಲಿತದ್ದು ಎಂದು ಕೇಳುವ ಅಗತ್ಯವಿರಲಿಲ್ಲ. ಮಡಚಿ ತಾಯಿಯ ತೊಡೆಯ ಮೇಲೆ ಇಟ್ಟಳು.

ಅತ್ತೆಯವರು ಮಡಿಕೆಯ ಮೇಲೆ ಹೆಬ್ಬೆರಳು ಎಳೆದು ನೋಡಿದರು.

"ಇದು ಇಕಿ ಅಪ್ಪನ ಮಡಿಕಿ," ಎಂದರು. "ಪೆಟಗಿ ರಾಜಿದು."

ಗೌರೀಶ ಕೂಡಲೇ ಒಪ್ಪಿದ. ಅವನ ತೋಳಿಗೆ ಆಗಲೇ ಇರುವೆ ಹತ್ತಿದ್ದವು. ಇಂಥದ್ದನ್ನು ಹೊಸ ಕಪಾಟಿನಲ್ಲಿಟ್ಟರೆ ನಾಳೆ ಮನೆ ಶಾಂತಿಗೆ ಮನುಷ್ಯರಿಗಿಂತ ಮೊದಲು ಅವೇ ಬಂದಾವು ಎಂಬ ಹೆದರಿಕೆ ಅವನಿಗೆ. ನಾನು ಮಾತ್ರ ಸುಲಭಕ್ಕೆ ಬಿಡಲಿಲ್ಲ.

"ತುಕ್ಕು ತಗದಾವ ನಾನ ಅಲ್ಲೇನ್ರಿ ಅತ್ತಿಯಾರ?"

"ಹೌದಲ್ಲರಿ ಅಳಿಯಾರ. ತುಕ್ಕು ನಿಮ್ಮದು, ಇಟಗೋರಿ. ಪೆಟಗಿ ಅಕಿದು."

ಮೂರು ಪುಟ್ಟಿ ತುಕ್ಕು ನನ್ನ ಪಾಲಿಗೆ ಬಂತು. ಅದನ್ನು ಕರಿಬೇವಿನ ಗಿಡಕ್ಕೆ ಹಾಕಿದ್ದೇನೆ. ಗಿಡ ಈಗ ಜಮಖಂಡಿಯಿಂದ ಕಾಣುತ್ತದೆ.

ಮರುದಿನ ಬೆಳಿಗ್ಗೆ ಬಾಡಗಂಡಿಗೆ ಹೊರಡಲು ನಾನು ಸಜ್ಜಾಗಿ ನಿಂತೆ. ರಾಜೇಶ್ವರಿ ನನ್ನನ್ನು ಮೇಲಿಂದ ಕೆಳಗೆ ನೋಡಿದಳು. ಮುಖ ನೋಡಲಿಲ್ಲ.

"ಅಂಗಿ ತಗೀರಿ," ಎಂದಳು.

ತೆಗೆದೆ. ಕಟ್ಟೆಯ ಮೇಲೆ ಬನಿಯನ್ನಿನಲ್ಲಿ ಕುಳಿತೆ. ಭಾಗವ್ವ ನೀರು ತರಲು ಹೋಗುತ್ತ ನೋಡಿದಳು, ಬರುತ್ತ ನೋಡಿದಳು. ಬನಿಯನ್ನಿನ ತೂತುಗಳು ಹಳೆಯವೇ ಇರಬೇಕು ಎಂದು ಒಳಗಿನಿಂದ ಅತ್ತೆಯವರು ನನಗೆ ಕೇಳುವಂತೆ ಅಂದರು. ಅಂಗಿ ಬಂತು, ಬಿಸಿ ಇತ್ತು, ತೊಟ್ಟೆ. ಬೆನ್ನಿಗೆ ತಾಗಿದ ಕೂಡಲೇ ಎದ್ದು ನಿಲ್ಲಲು ಮನಸ್ಸಾಗಲಿಲ್ಲ. ರಾಜೇಶ್ವರಿ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ಕಾರಿನತ್ತ ಹೋದಳು. ಅಂಗಿಯಲ್ಲಿ ಸಣ್ಣಗೆ ಬೆಲ್ಲದ ವಾಸನೆ ಇತ್ತು. ಬಾಡಗಂಡಿಯವರೆಗೆ ಒಂದು ನೊಣ ನಮ್ಮ ಕಾರಿನಲ್ಲಿಯೇ ಬಂತು.

ಹೊಸ ಮನೆಯ ಗೂಡು ಖಾಲಿ ಇತ್ತು, ಮೂರೂ ದೀಪ ಉರಿಯುತ್ತಿದ್ದವು. ಬಂದವರೆಲ್ಲ ಇಲ್ಲಿ ಏನಿಡುತ್ತೀರಿ ಎಂದು ಕೇಳುತ್ತಿದ್ದರು. ಗೌರೀಶ ಬರಿ ದೀಪಗಳನ್ನು ತೋರಿಸುತ್ತಿದ್ದ. ಹಾಗಾಗಿ ನಾನೇ ಗೂಡಿನ ಪಕ್ಕ ನಿಂತೆ, ಮೊದಲ ಪಂಕ್ತಿಯಿಂದ ಕೊನೆಯ ಪಂಕ್ತಿಯವರೆಗೆ. ಬಂದವರಿಗೆಲ್ಲ ನನ್ನ ಅಂಗಿಯ ಮಡಿಕೆ ಮುಟ್ಟಿಸಿ, ನಾನು ತುಕ್ಕು ತೆಗೆದ ಕಥೆ ಹೇಳಿದೆ. ಬೆಲ್ಲದ ಡಬ್ಬಿಗಳು ಆಗ ಹನ್ನೆರಡಾಗಿದ್ದವು. ಬಿಸಿ ನೀರಿನ ಭಾಗ ಬಂದಾಗಲೆಲ್ಲ ರಾಜೇಶ್ವರಿ ಎಲ್ಲಿಂದಲೋ ಬಂದು ನನ್ನ ಹಿಂದೆ ನಿಲ್ಲುತ್ತಿದ್ದಳು.

"ಹೌದ್ರಿ?" ಎನ್ನುತ್ತಿದ್ದಳು.

ಆಗ ಆ ಭಾಗವನ್ನು ಇದ್ದದ್ದು ಇದ್ದಂತೆಯೇ ಹೇಳುತ್ತಿದ್ದೆ. ನನಗೂ ಅಂಗಿ ಇಸ್ತ್ರಿಯಾಗಬೇಕಲ್ಲ.